ಹೊಗೆ ಬಿಟ್ಟ ಮೇಲೆ

ಉಚ್ಚಿಲ
20 ನವೆಂಬರ್ 2024

ಪ್ರೀತಿಯ ದೀಕ್ಷಿತಾ,

ಸಿಗರೇಟಿನ ವಾಸನೆ ಇಲ್ಲದ ಬಾಯಿಯಿಂದ ನಿನ್ನ ಅಪ್ಪ ಮಾಡುವ ಮೊದಲ ಆಶೀರ್ವಾದ ಇದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದ ಕೂಡಲೇ ನಿನ್ನ ಅಮ್ಮ ಸ್ಪೀಕರ್ ಹಾಕಿಸಿ ನನ್ನ ಮಾತನ್ನೂ ತಾನೇ ಆಡುತ್ತಾಳೆ. ಅದಕ್ಕೆ ಈ ಕಾಗದ.

ಮಗುವಿನ ನಾಮಕರಣಕ್ಕೆ ಕಾರ್ಕಳಕ್ಕೆ ಬಂದಾಗ, ತಂಬಾಕಿನ ವಾಸನೆ ಇರುವ ಯಾರೂ ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ ಎಂದು ನೀನು ಎಲ್ಲರ ಎದುರು ಹೇಳಿದೆಯಲ್ಲ, ನನಗೆ ಸಿಟ್ಟು ಬಂದದ್ದು ನಿಜ. ಮಲ್ಪೆಯಲ್ಲಿ ಬೋಟು ನಡೆಸುವ ತಾಂಡೇಲನಿಗೆ ಮೊಮ್ಮಗಳನ್ನು ಹಿಡಿಯಲು ಲೈಸೆನ್ಸ್ ಬೇಕೇ ಎಂದು ಬಸ್ಸಿನಲ್ಲಿ ಪಡುಬಿದ್ರಿಯವರೆಗೂ ಗೊಣಗಿದೆ. ಮನೆಗೆ ಬಂದ ಮೇಲೆ ಅಳು ಬಂತು. ಮರುದಿನವೇ ಅಮ್ಮ ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಮೊದಲ ವಾರ ಮಾತ್ರೆಯೂ ಸಿಗರೇಟೂ ಜೊತೆಗೆ ನಡೆಯಬಹುದು, ಆಮೇಲೆ ಪೂರ್ತಿ ನಿಲ್ಲಿಸಬೇಕು ಎಂದರು. ಅಮ್ಮ ನಂಬಲೇ ಇಲ್ಲ. ಸಿಗರೇಟು ಸೇದಲು ಚೀಟಿ ಬರೆದುಕೊಡುವ ಡಾಕ್ಟರು ಎಲ್ಲಿಯಾದರೂ ಉಂಟಾ ಎಂದು ದಾರಿಯಿಡೀ ಕೇಳಿದಳು. ವಾರ ಕಳೆದು ಪುನಃ ಹೋದಾಗ ಡಾಕ್ಟರಮ್ಮ, ಹೊಗೆ ಬಿಟ್ಟಿರಾ ಎಂದು ವಿಚಾರಿಸಿದರು. ಹೌದು, ಈಗಷ್ಟೇ ಗೇಟಿನ ಹೊರಗೆ ಬಿಟ್ಟು ಬಂದೆ ಎಂದೆ. ನರ್ಸ್ ನಕ್ಕರು, ಅಮ್ಮ ನಗಲಿಲ್ಲ. ಹೊಗೆ ಊದುವುದಕ್ಕೂ ಹೊಗೆಯ ಚಟ ತೊರೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತಾದರೆ ತುಳುವನಾದ ನಾನು ಏನು ಮಾಡಲಿ?

ಊಟದ ಮೇಲೆ ಲೋಟ ತುಂಬ ನೀರಿನೊಂದಿಗೆ ನುಂಗಬೇಕಾದ ಮಾತ್ರೆಯನ್ನು ಒಂದು ದಿನ ಖಾಲಿ ಹೊಟ್ಟೆಯಲ್ಲಿ ಹಾಲಿಲ್ಲದ ಕಣ್ಣ ಚಹಾದ ಜೊತೆ ನುಂಗಿದೆ. ಯಾವ ತೂಫಾನಿಗೂ ವಾಂತಿ ಮಾಡದವನು ನೆಲದ ಮೇಲೆ ನಿಂತು, ಬಂದರಿನ ಐಸ್ ಪ್ಲಾಂಟಿನ ಗೋಡೆ ಹಿಡಿದು ವಾಂತಿ ಮಾಡಿದೆ. ಭುಜಂಗಣ್ಣನಿಗೆ ಹುಳಿ ಮಾವಿನಕಾಯಿ ಬೇಕಾ ಎಂದು ಮೀನು ಮಾರುವ ಹೆಂಗಸರು ವಿಚಾರಿಸಿಕೊಂಡರು. ಕನಸುಗಳು ಮತ್ತೂ ವಿಚಿತ್ರ. ಒಮ್ಮೆ ಬಂಗುಡೆಗಳೆಲ್ಲ ಸಾಲಾಗಿ ಕುಳಿತು ನನ್ನನ್ನೇ ಏಲಂ ಹಾಕಿದವು. ಯಾರೂ ರೇಟು ಕೂಗಲಿಲ್ಲ. ಈ ಮಾತ್ರೆಗೆ ಹೀಗಾಗುವುದುಂಟು, ಹೆಚ್ಚಾದರೆ ತಿಳಿಸಿ ಎಂದರು ಡಾಕ್ಟರಮ್ಮ.

ಆದರೂ ನಿಲ್ಲಿಸಿದೆ ಮಗಳೇ. ಈಗ ನನ್ನ ಮೂಗು ವಾಪಸ್ ಬಂದಿದೆ. ಪಕ್ಕದ ಮನೆಯ ಆಂಜೆಲಾಬಾಯಿ ಯಾವ ಮೀನು ಕಾಯಿಸುತ್ತಿದ್ದಾರೆ ಎಂದು ಗೋಡೆಯ ಈಚೆಯಿಂದಲೇ ಹೇಳುತ್ತೇನೆ. ನಮ್ಮ ಮನೆಯೊಳಗೂ ಒಂದು ವಾಸನೆ ಸಿಕ್ಕಿತು. ಅದರ ಬಗ್ಗೆ ನಾನು ಬರೆಯುವುದಿಲ್ಲ.

ಒಂದೇ ಕೋರಿಕೆ. ಭಾನುವಾರ ನಾವಿಬ್ಬರೂ ಬರುತ್ತೇವೆ, ಆದರೆ ಮಗುವನ್ನು ನನ್ನ ಕೈಗೆ ಕೊಡಬೇಡ. ಇನ್ನೊಂದು ತಿಂಗಳು ಹೋಗಲಿ. ಆಸೆ ಇಲ್ಲ ಎಂದಲ್ಲ, ಬೋಟಿನಲ್ಲಿ ಲೈಫ್ ಜಾಕೆಟನ್ನು ಎದೆಗೆ ಒರಗಿಸಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಆದರೆ ನಾನೊಬ್ಬನೇ ಗೆದ್ದವನ ಹಾಗೆ ಎತ್ತಿಕೊಂಡು ಕೂರಲು ಮನಸ್ಸು ಬಾರದು. ಕಾರಣ ಕೇಳಬೇಡ.

ಇಂತು,
ಮೂಗು ಬಂದ ನಿನ್ನ ಅಪ್ಪ
ಭುಜಂಗ

ವಿ.ಸೂ.: ಇದು ಅಮ್ಮ ಬರೆಯುವುದು. ಅಪ್ಪ ಗೋಂದು ಹುಡುಕಲು ಹೋಗಿದ್ದಾರೆ. ಅವರು ಬರೆಯದೆ ಬಿಟ್ಟ ವಾಸನೆ ನನ್ನ ಬಾಯಿಯದು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತೇನೆ. ಇಷ್ಟು ವರ್ಷ ಅವರ ಸಿಗರೇಟಿನ ಮರೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೆಸರಿನಲ್ಲಿ ಹೊಗೆ ಇದ್ದರೂ ಬಾಯಿಯಿಂದ ಬರುವುದಿಲ್ಲವಲ್ಲ ಎಂದು ವಾದಿಸಿ ನೋಡಿದೆ. ಅವರು ತಮ್ಮ ಮಾತ್ರೆಯ ಚೀಟಿ ತಂದು ನನ್ನ ಎಲೆಯಡಿಕೆ ತಟ್ಟೆಯ ಪಕ್ಕ ಇಟ್ಟರು, ಅದೇ ಕಷ್ಟವಾಯಿತು. ಮಂಗಳವಾರ ನಾನೂ ಮಣಿಪಾಲಕ್ಕೆ ಹೋಗುತ್ತೇನೆ. ಡಾಕ್ಟರಮ್ಮನ ಎದುರು ಕುಳಿತು ಗಂಡನಿಗೆ ಅಷ್ಟು ಬುದ್ಧಿ ಹೇಳಿದವಳು, ಈಗ ಆ ಡಾಕ್ಟರಮ್ಮನ ಮುಖ ಹೇಗೆ ನೋಡುವುದೋ. ಭಾನುವಾರ ಅಪ್ಪ ಬೇಡ ಬೇಡ ಎಂದರೂ ಮಗುವನ್ನು ಅವರ ಕೈಗೆ ಕೊಡು. ನಾನು ಕೇಳಿದರೆ ಕೊಡಬೇಡ.