ಕಾಲುಚೀಲಕ್ಕೆ ಅಂಟಿದ್ದ ಕಾಯಿ

ಅಕ್ಕಾ,

ನಿಮ್ಮ ಮೇಕೆಗಳಿಗೆ ವಿಷವೆಂದು ಭಾವ ಗುಡ್ಡದಿಂದ ಕಿತ್ತೆಸೆಯಲು ಹೊರಟಿರುವ ಆ ಮುಳ್ಳುಗಿಡದ ಹೆಸರು ತಿಳಿಯಲು ಮೂರು ಬಸ್ಸು, ಎರಡು ದಿನ ಖರ್ಚಾದವು. ಇಲ್ಲಿಯ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ನಾನು ತಂದ ಗಿಡದ ಕಟ್ಟು ಬಿಚ್ಚಿ, "ಒಣಕಾಯಿ ಎಲ್ರೀ?" ಎಂದರು.

"ಕಸ ಅಂತ ಕಿತ್ತು ಚೊಕ್ಕ ಮಾಡಿ ತಂದೆ."

"ಮುಖ ಅಳಿಸಿ ಫೋಟೋ ಕೊಟ್ಟಂಗಾಯ್ತಲ್ರೀ!"

ಅಷ್ಟರಲ್ಲಿ ನನ್ನ ಕಾಲುಚೀಲಕ್ಕೆ ಅಂಟಿದ್ದ ಒಂದು ಕಾಯಿ ಅವರ ಕಣ್ಣಿಗೆ ಬಿತ್ತು. ಬಿಡಿಸಿ ಮೇಜಿನ ಮೇಲಿಟ್ಟು ಒಂದು ತೊಟ್ಟು ನೀರು ಬಿಟ್ಟರು. ತುಸು ಹೊತ್ತು ಸುಮ್ಮನಿದ್ದ ಕಾಯಿ ಪಟ್ಟೆಂದು ಸಿಡಿದು, ಬೀಜ ಅವರ ಕನ್ನಡಕಕ್ಕೇ ಬಡಿಯಿತು!

"ನೀರು ತಾಗಿದ್ರೆ ಹಿಂಗೆ ಸಿಡಿಯುತ್ತೆ ಅಂದ್ರೆ ಬ್ಲೆಫಾರಿಸ್ ಕುಲದ ಗಿಡಾನೇ. ಮೇಕೆಗೆ ಏನೂ ಆಗಲ್ಲ, ತಿನ್ಲಿ ಬಿಡಿ," ಎಂದರು ಕನ್ನಡಕ ಒರೆಸುತ್ತಾ.

ನನ್ನ ಬಾಯಿಮಾತನ್ನು ಭಾವ ನಂಬುವವರಲ್ಲ. ಈ ಕಾಗದದ ಅಂಚಿನಲ್ಲಿ ಮೇಡಂ ಸಹಿ ಇದೆ, ತೋರಿಸು.

ಮೇಕೆಗಳಿಗೆ ಮೇವು ಉಳಿಯಿತು, ನಿನಗೆ ಹಾಲು, ಭಾವನಿಗೆ ಗುದ್ದಲಿಯಿಂದ ರಜೆ. ನನಗೆ ಹಿಮ್ಮಡಿಯಲ್ಲೊಂದು ಬೊಬ್ಬೆ.

ನಿನ್ನ ತಮ್ಮ