ಎರಡು ಸ್ವರಗುಚ್ಛಗಳ ನಡುವೆ ನನ್ನ ಪಾಲು

ಧಾರವಾಡ, ಫೆಬ್ರವರಿ ೩೧, ೨೪೧೯

ಬರೋಕ್ ಕನ್ಚೆರ್ಟೊಗಳನ್ನು, ಅಂದರೆ ಯುರೋಪಿನ ಹಳೆಯ ವಾದ್ಯವೃಂದದ ಕೃತಿಗಳನ್ನು, ನುಡಿಸಿ ರೆಕಾರ್ಡ್ ಮಾಡುವ ಪೂರ್ವಜರಿಗೆ ಮಲ್ಹಾರಿ ಹೂಗಾರನ ಸಾಷ್ಟಾಂಗ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಯನ್ನು ಕೊಂಚ ಬೆಳೆಸಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನನಗೂ ಹಾಗೇ ಅನಿಸುತ್ತಿದೆ. ಹಿಂದಂಚೆಯಲ್ಲಿ, ಅಂದರೆ ಕಾಲದ ಇಳಿಜಾರಿನಲ್ಲಿ ಉರುಳಿಬಿಡುವ ಟಪಾಲಿನಲ್ಲಿ, ನಾನು ನಿಮಗೆ ಬರೆಯುತ್ತಿರುವ ಎರಡನೆಯ ಪತ್ರವಿದು.

ಮೊದಲನೆಯದು ನೆನಪಿರಬೇಕು. ನಮ್ಮ ವಾದ್ಯವೃಂದದಲ್ಲಿ ಸಾಕ್ಷಿಸ್ವರವನ್ನಷ್ಟೇ ನುಡಿಸಬೇಕು. ನಿಮ್ಮ ಯಾವುದಾದರೂ ರೆಕಾರ್ಡಿಂಗಿನಲ್ಲಿ ಕೇಳಿಬಂದ ಸದ್ದಿಗೆ ಹಾಗೆನ್ನುತ್ತೇವೆ. ಕೃತಿಯ ಭಾಗಗಳ ನಡುವೆ ನಿಮ್ಮ ಶ್ರೋತೃಗಳು ಕೆಮ್ಮಿದ್ದಾರೆಂದು ನಮ್ಮವರೂ ಭಕ್ತಿಯಿಂದ ಕೆಮ್ಮುತ್ತಾರೆ. ಕೆಮ್ಮು ಬಾರದವರಿಗೆ ಬಾಗಿಲಲ್ಲೇ ಮೆಣಸಿನಪುಡಿ ಕೊಡುವ ಏರ್ಪಾಡಿದೆ. ಒಂದು ರೆಕಾರ್ಡಿಂಗಿನಲ್ಲಿ ಯಾರದೋ ಕುರ್ಚಿ ಕಿರುಗುಟ್ಟಿತ್ತು. ಹಾಗಾಗಿ ನಮ್ಮಣ್ಣ ಕುರ್ಚಿವಾದಕ. ದಿನಾ ಬೆಳಿಗ್ಗೆ ಸಾಧನೆ ಮಾಡುತ್ತಾನೆ.

ನಾನು ಪಿಯಾನೊದ ಅಜ್ಜನಂಥ ಹಾರ್ಪ್ಸಿಕಾರ್ಡಿನವನು. ನಾಳೆ ನನ್ನ ಮೊದಲ ಕಚೇರಿ. ಅಲ್ಲಿ ನುಡಿಸುವ ಕನ್ಚೆರ್ಟೊದ ನಡುಭಾಗದಲ್ಲಿ ರಚನಾಕಾರರು ಬರೆದಿಟ್ಟಿರುವುದು ಒಟ್ಟಿಗೇ ಮೊಳಗುವ ಸ್ವರಗಳ ಎರಡೇ ಗುಚ್ಛ. ನಡುವಿನದು ನುಡಿಸುವವರ ಮರ್ಜಿ. ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ನುಡಿಸಿದ್ದೀರಿ. ನಾನೂ ನನ್ನದೇ ಒಂದು ಪುಟ್ಟ ತುಣುಕು ಕಟ್ಟಿದೆ. ಗುರುಗಳಾದ ಸಕ್ಕೂಬಾಯಿಯವರು ಕೇಳಿ, "ಚಂದ ಐತಿ. ಸಾಕ್ಷಿ ಎಲ್ಲೈತಿ?" ಅಂದರು. ಅದಕ್ಕೇ ನಿಮಗೆ ಬರೆದದ್ದು: ಇಗೋ ತುಣುಕು, ದಯವಿಟ್ಟು ಒಮ್ಮೆ ನುಡಿಸಿ ರೆಕಾರ್ಡ್ ಮಾಡಿಡಿ, ನಾನು ಇಲ್ಲಿ ಅಗೆಸಿಕೊಳ್ಳುತ್ತೇನೆ.

ನೀವು ಪುಣ್ಯಾತ್ಮರು, ಮಾಡಿಯೇಬಿಟ್ಟಿರಿ. ಹಳೆಯ ರೆಕಾರ್ಡಿಂಗುಗಳನ್ನು ಅಗೆಯುವ ಸದ್ದುಗಣಿಯಲ್ಲಿ ಮೊನ್ನೆ ಅದು ಸಿಕ್ಕಿತು. ನಿನ್ನೆ ತಾಲೀಮಿನಲ್ಲಿ ನುಡಿಸಿದೆ. ಸಕ್ಕೂಬಾಯಿಯವರ ಕಣ್ಣಲ್ಲಿ ನೀರು.

"ಶಾಭಾಸ್ ಮಲ್ಲ್ಯಾ! ಒಂದ ಸ್ವರಾನೂ ನಿಂದಲ್ಲ ನೋಡು!"

"ಬಾಯಾರ, ಅದು ನಂದರೀ."

"ಎಲ್ಲೋ ಕದ್ದು ಕೇಳಿ ಬಂದು ಅವತ್ತ ನಂದು ಅಂದಿದ್ದೆಲ್ಲಲೇ, ಕಳ್ಳ!"

ಅಣ್ಣ ನಗಲು ಹೋಗಿ ಕುರ್ಚಿ ಅಪಸ್ವರ ನುಡಿಯಿತು.

ಆಗಿನಿಂದ ತಲೆ ಕೆಟ್ಟಿದೆ. ತುಣುಕು ನಾನು ಕಟ್ಟಿದ್ದೇ? ಅಥವಾ ನೀವು ನುಡಿಸಿದ್ದೇ ಎಂದೋ ಕಿವಿಗೆ ಬಿದ್ದು, ಅದನ್ನೇ ನಿಮಗೆ ಕಳಿಸಿದೆನೇ? ನೀವು ನನ್ನಿಂದ ಕಲಿತಿರಿ, ನಾನು ನಿಮ್ಮಿಂದ ಕದ್ದೆ, ಹಾಗಾದರೆ ಕಟ್ಟಿದವರಾರು? ಕೂತರೂ ನಿಂತರೂ ಇದೇ.

ಒಂದೇ ಬೇಡಿಕೆ. ಈ ಪತ್ರ ಮೊದಲೇ ತಲುಪಿ, ನೀವಿನ್ನೂ ರೆಕಾರ್ಡ್ ಮಾಡಿರದಿದ್ದರೆ, ಕೊನೆಯ ಸ್ವರವನ್ನು ಬೇಕೆಂದೇ ತಪ್ಪಾಗಿ ನುಡಿಸಿ. ನಾಳೆ ನಾನದನ್ನು ಸರಿಯಾಗಿ ನುಡಿಸುತ್ತೇನೆ. ಸಾಕ್ಷಿಯಿಲ್ಲದ ಸ್ವರ ನುಡಿಸಿ ತಪ್ಪು ಮಾಡಿದೆನೆಂದು ಸಕ್ಕೂಬಾಯಿಯವರು ತುಂಬಿದ ಸಭೆಯಲ್ಲಿ ಬೈಯುತ್ತಾರೆ. ಆ ಬೈಗುಳವಾದರೂ ನನ್ನದಾಗಲಿ.