ಅತ್ತಿಗೆ ಒಪ್ಪದ ಸಾಲು

ಜೂನ್ 11, ಬುಧವಾರ
ಗ್ರಾಂಟ್ ರೋಡ್. ಇವತ್ತೂ ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ರಶ್ ಇಲ್ಲ. ಮೊದಲು ನೀರುದೋಸೆಗೆ ಫುಟ್‌ಪಾತ್‌ವರೆಗೂ ಲೈನ್ ಇರುತ್ತಿತ್ತು. ಆ ಸಂಜೆಪತ್ರಿಕೆ ಸೇವಂತಿ ಅತ್ತಿಗೆಯ ಫೋಟೊ, ಹೆಸರು, ಆಸ್ಪತ್ರೆ ರಿಪೋರ್ಟು ಎಲ್ಲ ಹಾಕಿ ‘ನಿಮ್ಮ ಊಟ ಯಾರ ಕೈಯದು?’ ಎಂದು ಬರೆಯಿತಲ್ಲ... ಹಾಳಾದವರು! ಊಟದಿಂದ ಅಂಟುವ ಕಾಯಿಲೆಯೇ ಅಲ್ಲ ಅದು. ಡಾಕ್ಟರೇ ಹೇಳಿದ್ದಾರೆ. ಯಾರು ಕೇಳುತ್ತಾರೆ?
ಅಣ್ಣ ತೀರಿಕೊಂಡ ಮೇಲೆ ತಾವೇ ಅಡುಗೆಗೆ ನಿಂತು ಈ ಹೋಟೆಲನ್ನು ಎತ್ತಿ ನಿಲ್ಲಿಸಿದವರು ಅತ್ತಿಗೆ. ನಾನು ಗಲ್ಲಾದಲ್ಲಿ ಕೂತವನು, ಅಷ್ಟೆ.
ವಕೀಲರ ಫೋನ್ ಬಂತು. ನಾವು ಹಾಕಿದ ಕೇಸಿನಲ್ಲಿ ಪತ್ರಿಕೆಯವರು ರಾಜಿಗೆ ತಯಾರಂತೆ!

ಜೂನ್ 13
ಫೋರ್ಟ್, ವೈಶಾಲಿ ಮೇಡಂ ಆಫೀಸು. ನಮ್ಮ ವಕೀಲರು ಅವರೇ; ಬೆಳಗಾವಿ ಕಡೆಯವರು, ಮಾತು ಖಡಕ್.
“ಸುದ್ದಿ ಸುಳ್ಳಿತ್ತು, ತಪ್ಪಾತು ಅಂತ ಅವರ ವಕೀಲರು ಓಪನ್ ಕೋರ್ಟಿನ್ಯಾಗ ಓದ್ತಾರ್ರೀ. ಸಹಿ ಮಾಡ್ರಿ.”
ನನಗೆ ಕುಣಿಯುವಷ್ಟು ಖುಷಿ. ಸುಳ್ಳು ಎಂದರೆ ಸಾಕು, ಗಿರಾಕಿಗಳೆಲ್ಲ ವಾಪಸ್! ಅತ್ತಿಗೆ ಪೆನ್ ಮುಟ್ಟಲಿಲ್ಲ.
“ಸುಳ್ಳು ಅಂತ ಎಂತಕ್ಕೆ ಹೇಳುವುದು ಮೇಡಂ? ಕಾಯಿಲೆ ಉಂಟಲ್ಲ. ಆದ್ರೆ ಅದು ನನ್ನದು, ಪೇಪರಿನವರದ್ದಲ್ಲ. ಬರೆಯುವ ಹಕ್ಕು ನಮಗಿರಲಿಲ್ಲ ಅಂತ ಓದ್ಲಿ.”
“ಹಂಗಂದ್ರ, ಸುದ್ದಿ ಖರೇನ ಅಂತ ಮಂದಿ ತಿಳ್ಕೋತಾರ್ರೀ.”
“ತಿಳ್ಕೊಳ್ಳಲಿ. ಸುಳ್ಳು ಹೇಳಿ ಮತ್ತೆ ದಿನಾ ಹೆದರಿಕೊಂಡು ಇರ್ಲಿಕ್ಕೆ ನನ್ನಿಂದ ಆಗುದಿಲ್ಲ.”
ಮನೆಗೆ ಹೋಗುವಾಗ ಲೋಕಲ್ ರೈಲಿನಲ್ಲಿ ಮುಲುಂಡ್‌ವರೆಗೂ ಜಗಳ ಮಾಡಿದೆ. ಹೋಟೆಲ್ ಮುಚ್ಚಬೇಕಾಗಿ ಬಂದರೆ? ಅವರಿಗೆ ಕಿಟಕಿ ಸೀಟು ಸಿಕ್ಕಿದ್ದೇ ದೊಡ್ಡ ಖುಷಿ. ಎಂಥ ಹೆಂಗಸು ಮಾರಾಯ್ರೆ!

ಜುಲೈ 2
ಕೋರ್ಟು. ಅತ್ತಿಗೆ ಹೇಳಿದ ಸಾಲಿಗೇ ಪತ್ರಿಕೆಯವರು ಕೊನೆಗೆ ಒಪ್ಪಿದ್ದರು. ಅವರ ವಕೀಲರು ಅದನ್ನು ಇಂಗ್ಲಿಷಿನಲ್ಲಿ ಗೊಣಗೊಣ ಓದಿ ಕೂರುವುದರಲ್ಲಿದ್ದರು. ಅತ್ತಿಗೆ ಎದ್ದರು. ಜಡ್ಜ್‌ಗೆ ಕೈಮುಗಿದು, “ಸಾಹೇಬ್, ಜರಾ ಜೋರ್ ಸೇ. ಹಿಂದೀ ಮೇಂ ಭೀ.”
ಜಡ್ಜ್ ಒಪ್ಪಿದರು. ಆ ವಕೀಲ ಮತ್ತೆ ಓದಿದ, ಗಟ್ಟಿಯಾಗಿ, ಹಿಂದಿಯಲ್ಲೂ — ಇವರ ಆರೋಗ್ಯ ಇವರ ಖಾಸಗಿ ವಿಷಯ, ಪ್ರಕಟಿಸುವ ಹಕ್ಕು ನಮಗಿರಲಿಲ್ಲ, ಕ್ಷಮೆ ಕೇಳುತ್ತೇವೆ. ಕಾಯಿಲೆಯ ಹೆಸರಿಲ್ಲ. ಸುಳ್ಳು ಎಂಬ ಮಾತೂ ಇಲ್ಲ. ಇಡೀ ಹಾಲ್ ಕೇಳಿತು.
ನಾನು ಅತ್ತುಬಿಟ್ಟೆ. ಅತ್ತಿಗೆ ಅಳಲಿಲ್ಲ.

ಜುಲೈ 5
ಅರ್ಧ ಟೇಬಲ್ ಇನ್ನೂ ಖಾಲಿ. ಹಳೆಯ ಗಿರಾಕಿ ಅಂಗಾರಣ್ಣ ಮಾತ್ರ ಬಂದರು. ದುಡ್ಡು ಕೊಡುವಾಗ ಬಗ್ಗಿ, “ಪೇಪರಿನಲ್ಲಿ ಬಂದದ್ದು ನಿಜವಾ ಸುಕೇಶ?”
ಮೊದಲಾಗಿದ್ದರೆ ಇಲ್ಲಪ್ಪ ಇಲ್ಲ ಎಂದು ಆಣೆ ಹಾಕುತ್ತಿದ್ದೆ. “ನನ್ನನ್ನು ಕೇಳಬೇಡಿ ಅಂಗಾರಣ್ಣ” ಎಂದೆ. ಎಷ್ಟು ಹಗುರವಾಯಿತು!
ಇಷ್ಟೆಲ್ಲ ಬರೆದೆ, ಕಾಯಿಲೆ ಯಾವುದೆಂದೇ ಬರೆದಿಲ್ಲ. ಅತ್ತಿಗೆಗೆ ಇರುವುದು —

ಬೇಡ. ಇಲ್ಲೂ ಬೇಡ.